ಪುಟ್ಟ ಆಂಪ್ಲಿಫೈಯರ್‌ಗೆ ಎಫೆಕ್ಟ್ಸ್ ಲೂಪ್ ಬೇಕೆ?

ಪ್ರಶ್ನೆ: ನನ್ನ ಗಿಟಾರ್ ಆಂಪ್ 5 ವ್ಯಾಟ್‌ನ ಎಪಿಫೋನ್ ವಾಲ್ವ್ ಜೂನಿಯರ್. ವಾಲ್ಯೂಮ್ ಏರಿಸಿದರೆ ಡಿಲೇ ಪೆಡಲ್ಲಿನ ಪ್ರತಿಧ್ವನಿಯೆಲ್ಲ ಕಲಸಿಹೋಗುತ್ತದೆ. ಎಫೆಕ್ಟ್ಸ್ ಲೂಪ್ ಸೇರಿಸಿದರೆ ಸರಿಹೋದೀತೆ?

ಉತ್ತರ: ಸೇರಿಸಬಹುದು, ಆದರೆ ನೀವು ಬಯಸಿದ ಫಲ ಸಿಗಲಾರದು. ಪ್ರೀಆಂಪ್ ಮುಗಿದು ಪವರ್ ಆಂಪ್ ಶುರುವಾಗುವಲ್ಲಿ ಸಿಗ್ನಲ್ಲನ್ನು ಹೊರತಂದು, ಪೆಡಲ್ ಮೂಲಕ ಹಾಯಿಸಿ ಮರಳಿ ಒಳಬಿಡುವ ದಾರಿಯೇ ಲೂಪ್. ಡಿಸ್ಟಾರ್ಷನ್, ಅಂದರೆ ದನಿಯ ಒಡಕು, ಪ್ರೀಆಂಪಿನಲ್ಲೇ ಹುಟ್ಟುವ ಆಂಪ್‌ಗಳಲ್ಲಿ ಇದು ಸೊಗಸಾಗಿ ಕೆಲಸ ಮಾಡುತ್ತದೆ. ನಿಮ್ಮದರಲ್ಲಿರುವುದು ಪ್ರೀಆಂಪಿಗೆ ಒಂದು 12ಎಎಕ್ಸ್7, ಪವರ್ ಆಂಪಿಗೆ ಒಂದು ಇಎಲ್84 ವಾಲ್ವ್, ಅಷ್ಟೇ. ವಾಲ್ಯೂಮ್ ಏರಿಸಿದಾಗ ದನಿ ಬಹುಪಾಲು ಒಡೆಯುವುದು ಇಎಲ್84ರಲ್ಲಿ. ಅದು ಲೂಪಿನ ಆಚೆಗಿದೆ. ಪ್ರತಿಧ್ವನಿ ಅಲ್ಲಿಗೆ ಹೋಗಿ ಮತ್ತೆ ಕಲಸಿಕೊಳ್ಳುತ್ತದೆ.

ಇನ್ನೊಂದು ತೊಡಕು ಸಿಗ್ನಲ್ಲಿನ ಮಟ್ಟದ್ದು. ಇಎಲ್84 ಪೂರ್ತಿ ದುಡಿಯಲು ಸಿಗ್ನಲ್ ಒಳಹೋಗುವ ಅದರ ಗ್ರಿಡ್ಡಿಗೆ ಆಚೀಚೆ ಸುಮಾರು 7 ವೋಲ್ಟ್ ಏರಿಳಿತ ಬೇಕು. 9 ವೋಲ್ಟಿನ ಮಾಮೂಲಿ ಪೆಡಲ್ ಅಷ್ಟನ್ನು ತಾಳದು. ಹೊರಗೆ ಕಳಿಸುವಾಗ ರೆಸಿಸ್ಟರುಗಳಿಂದ ತಗ್ಗಿಸಿ, ಮರಳುವಾಗ ಇನ್ನೊಂದು ವಾಲ್ವ್ ಅಥವಾ ಟ್ರಾನ್ಸಿಸ್ಟರ್ ಹಂತದಿಂದ ಎತ್ತಬೇಕು. ಬರೀ ಎರಡು ಜ್ಯಾಕ್ ಕೂರಿಸಿದರೆ ಸಾಲದು.

ದಯವಿಟ್ಟು ನೆನಪಿಡಿ: ಪ್ಲಗ್ ಕಿತ್ತ ಮೇಲೂ ಒಳಗಿನ ಫಿಲ್ಟರ್ ಕೆಪಾಸಿಟರುಗಳಲ್ಲಿ ಜೀವ ತೆಗೆಯಬಲ್ಲ ವೋಲ್ಟೇಜ್ ಉಳಿದಿರಬಹುದು. ಅದನ್ನು ಇಳಿಸಲು ಬಾರದವರು ಷಾಸಿ ಬಿಚ್ಚಲೇಬಾರದು.

ನನ್ನ ಸಲಹೆ, ಆಂಪ್ ವಾಲ್ಯೂಮ್ ತಗ್ಗಿಸಿ, ಡಿಸ್ಟಾರ್ಷನ್ನನ್ನು ಪೆಡಲ್ಲಿನಿಂದ ಪಡೆದು ಅದರ ನಂತರ ಡಿಲೇ ಜೋಡಿಸಿ. ರೆಕಾರ್ಡಿಂಗ್‌ಗಾದರೆ ಸ್ಪೀಕರಿಗೆ ಮೈಕ್ ಹಿಡಿದು, ಡಿಲೇಯನ್ನು ಆಮೇಲೆ ಸೇರಿಸಿ.