ಡಿಸ್ಕೊ ತಾಳಕ್ಕೆ ಹತ್ತು ರಾಗ

ಹಿಂದಿ ಸಿನಿಮಾ ಹಾಡಿನ ರೆಕಾರ್ಡಿನ ಮೇಲೆ ಗಾಯಕರ ಹೆಸರಿರುತ್ತಿತ್ತು, ಸಂಗೀತ ನಿರ್ದೇಶಕರ ಹೆಸರಿರುತ್ತಿತ್ತು, ಹಾಡು ಬರೆದವರದೂ ಇರುತ್ತಿತ್ತು. ಗಿಟಾರ್ ನುಡಿಸಿದವರ ಹೆಸರು ಹುಡುಕಿದರೂ ಸಿಗುತ್ತಿರಲಿಲ್ಲ. ಬಾಂಬೆಯ ಸ್ಟುಡಿಯೊಗಳಲ್ಲಿ ಹಾಗೆ ಮರೆಯಲ್ಲೇ ನುಡಿಸಿದವರಲ್ಲಿ ಚರಣ್‌ಜಿತ್ ಸಿಂಗ್ ಒಬ್ಬರು. ಬೇಸ್ ಗಿಟಾರ್, ಹವಾಯಿಯನ್ ಗಿಟಾರ್, ಕೀಬೋರ್ಡು, ಕರೆದವರಿಗೆ ಯಾವುದು ಬೇಕೋ ಅದು. 1971ರ ‘ದಮ್ ಮಾರೋ ದಮ್’ ಹಾಡಿನಲ್ಲಿ ಟ್ರಾನ್ಸಿಕಾರ್ಡ್ ಎಂಬ ವಿದ್ಯುತ್ ಅಕಾರ್ಡಿಯನ್ ನುಡಿಸಿದ್ದು ಅವರೇ.

ಸ್ಟುಡಿಯೊ ವಾದಕರ ಕಸುಬಿಗೆ ಅದರದೇ ಶಿಸ್ತಿದೆ. ಇವತ್ತು ಶಂಕರ್-ಜೈಕಿಶನ್, ನಾಳೆ ಆರ್.ಡಿ. ಬರ್ಮನ್. ಆಗಷ್ಟೇ ಕೈಗೆ ಬಂದ ನೊಟೇಶನ್ನನ್ನು ಒಂದೆರಡು ಟೇಕಿನಲ್ಲಿ ಮುಗಿಸಿಕೊಡಬೇಕು. ಮಾರುಕಟ್ಟೆಗೆ ಹೊಸ ವಾದ್ಯ ಬಂತೆಂದರೆ ಉಳಿದವರಿಗಿಂತ ಮೊದಲೇ ಅದನ್ನು ಪಳಗಿಸಿಕೊಳ್ಳಬೇಕು. ನಿರ್ದೇಶಕರಿಗೆ ಹೊಸ ಸದ್ದು ಬೇಕಾದಾಗ ಕರೆ ಬರುವುದು ಆ ವಾದ್ಯ ಇಟ್ಟುಕೊಂಡವರಿಗೇ. ಚರಣ್‌ಜಿತ್ ಯಂತ್ರಗಳ ಬೆನ್ನುಬಿದ್ದದ್ದಕ್ಕೆ ಇದಕ್ಕಿಂತ ದೊಡ್ಡ ಕಾರಣ ಹುಡುಕುವ ಅಗತ್ಯ ನನಗಂತೂ ಕಾಣುವುದಿಲ್ಲ. 1982ರ ಹೊತ್ತಿಗೆ ಜಪಾನಿನ ರೋಲ್ಯಾಂಡ್ ಕಂಪನಿಯ ಮೂರು ಯಂತ್ರಗಳು ಅವರ ಬಳಿ ಇದ್ದವು: ಜ್ಯುಪಿಟರ್-8 ಸಿಂಥಸೈಜರ್, ಟಿಆರ್-808 ಡ್ರಮ್ ಯಂತ್ರ, ಮತ್ತು ಟಿಬಿ-303 ಎಂಬ ಬೆಳ್ಳಿ ಬಣ್ಣದ ಪುಟ್ಟ ಪೆಟ್ಟಿಗೆ.

ಆ ವರ್ಷಗಳಲ್ಲಿ ಹಿಂದಿ ಸಿನಿಮಾಕ್ಕೆ ಡಿಸ್ಕೊ ಜ್ವರ ಏರಿತ್ತು. ಅದನ್ನು ಹಚ್ಚಿದವರಲ್ಲಿ ನಮ್ಮವರೂ ಇದ್ದಾರೆ. ಬೆಂಗಳೂರಿನಲ್ಲಿ ಬೆಳೆದು ಇಂಗ್ಲೆಂಡಿಗೆ ಹೋಗಿ, 1974ರಲ್ಲಿ ‘ಕುಂಗ್ ಫು ಫೈಟಿಂಗ್’ ಹಾಡನ್ನು ನಿರ್ಮಿಸಿ ಗೆದ್ದ ಕೊಡಗಿನ ಬಿದ್ದು ಅಪ್ಪಯ್ಯ, 1980ರ ‘ಕುರ್ಬಾನಿ’ಗೆ ‘ಆಪ್ ಜೈಸಾ ಕೋಯಿ’ ಮಾಡಿಕೊಟ್ಟರು. ಅದರ ಬೆನ್ನಿಗೇ ಬಪ್ಪಿ ಲಹರಿಯವರ ‘ಡಿಸ್ಕೊ ಡಾನ್ಸರ್’ ಬಂತು. ಸ್ಟುಡಿಯೊದಲ್ಲಿ ಎಲ್ಲರೂ ಡಿಸ್ಕೊ ಕೇಳುವವರೇ. ಚರಣ್‌ಜಿತ್ ಆಗ ಮಾಡಿದ ಯೋಚನೆ, ಎಷ್ಟೋ ವರ್ಷಗಳ ನಂತರ ಅವರೇ ಹೇಳಿಕೊಂಡಂತೆ, ತೀರ ಸರಳ: ಡಿಸ್ಕೊ ತಾಳ ಇರಲಿ, ತಬಲಾ ಬೇಡ, ಮೇಲೆ ರಾಗ ನುಡಿಸೋಣ. ಮನೆಯಲ್ಲಿ ಯಂತ್ರಗಳನ್ನು ಜೋಡಿಸಿ ಅಭ್ಯಾಸ ಮಾಡಿದರು. ಕಿವಿಗೆ ಒಪ್ಪಿತು. ‘ಸಿಂಥಸೈಜಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೊ ಬೀಟ್’ ಎಂಬ ಹೆಸರಿನಲ್ಲಿ ಎಚ್‌ಎಂವಿ ಅದನ್ನು ಹೊರತಂದಿತು.

ಟಿಬಿ-303ರ ಕಥೆಯನ್ನು ಇಲ್ಲಿ ಹೇಳದೆ ಮುಂದೆ ಹೋಗುವಂತಿಲ್ಲ. ಒಬ್ಬರೇ ಕೂತು ಅಭ್ಯಾಸ ಮಾಡುವ ಗಿಟಾರ್ ವಾದಕರಿಗೆ ಬೇಸ್ ಜೊತೆಗಾರ ಬೇಕಲ್ಲ, ಅದಕ್ಕೆಂದು ರೋಲ್ಯಾಂಡಿನ ತಡಾವೊ ಕಿಕುಮೊಟೊ ರೂಪಿಸಿದ ಯಂತ್ರ ಇದು. ಜೊತೆಗಾರನ ಕೆಲಸಕ್ಕೆ ಮಾತ್ರ ಬರಲಿಲ್ಲ. ಅದರ ಗೊರಗೊರ ಸದ್ದನ್ನು ಬೇಸ್ ಗಿಟಾರ್ ಎಂದು ಯಾರೂ ನಂಬಲಿಲ್ಲ, 1984ರಲ್ಲಿ ತಯಾರಿಕೆಯೇ ನಿಂತಿತು. ಇದರಲ್ಲಿ ರಾಗ ಕೂರಿಸುವ ಕ್ರಮ ಕುತೂಹಲದ್ದು. ಒಂದು ಸಲಕ್ಕೆ ಒಂದೇ ಸ್ವರ. ಕಾರ್ಡ್ ಎಂಬುದು ಇಲ್ಲವೇ ಇಲ್ಲ. ಸ್ವರಗಳ ಸಾಲನ್ನು ಮೊದಲು ಹಾಕಬೇಕು, ಅವು ಎಷ್ಟು ಹೊತ್ತು ನಿಲ್ಲಬೇಕೆಂಬುದನ್ನು ಆಮೇಲೆ ಬೇರೆಯಾಗಿ ಹಾಕಬೇಕು. ಒಂದು ಆವರ್ತಕ್ಕೆ ಹದಿನಾರು ಮನೆ. ‘ಸ್ಲೈಡ್’ ಎಂಬ ಗುಂಡಿ ಒತ್ತಿದರೆ ಸ್ವರ ಮುಂದಿನ ಸ್ವರಕ್ಕೆ ಜಾರಿಕೊಂಡು ಹೋಗುತ್ತದೆ. ಇನ್ನೊಂದು ಗುಂಡಿ ಬೇಕಾದ ಕಡೆ ಒತ್ತು ಕೊಡುತ್ತದೆ. ತೀನ್‌ತಾಲದ ಹದಿನಾರು ಮಾತ್ರೆಯನ್ನೂ ಸ್ವರದಿಂದ ಸ್ವರಕ್ಕೆ ಜಾರುವ ಮೀಂಡನ್ನೂ ಕೇಳುತ್ತ ಬೆಳೆದವರಿಗೆ ಇದು ಪೂರ್ತಿ ಪರಕೀಯ ಎನ್ನಿಸಿರಲಾರದು ಎಂಬುದು ನನ್ನ ಊಹೆ. ಪಾಶ್ಚಾತ್ಯ ಹಾಡಿಗೆ ಕೊರತೆಯಾಗಿ ಕಂಡ ಗುಣವೇ ಏಕಸ್ವರದ ಸಂಗೀತಕ್ಕೆ ಅನುಕೂಲವಾಯಿತು. ಯಂತ್ರಗಳು ಪರಸ್ಪರ ಮಾತಾಡಿಕೊಳ್ಳುವ ‘ಮಿಡಿ’ ವ್ಯವಸ್ಥೆ ಬಂದದ್ದು 1983ರಲ್ಲಿ. ಅದಕ್ಕೂ ಮೊದಲೇ ಚರಣ್‌ಜಿತ್ ತಮ್ಮ ಮೂರು ಯಂತ್ರಗಳನ್ನೂ ಒಂದೇ ಲಯಕ್ಕೆ ತಂದಿದ್ದರು.

ರೆಕಾರ್ಡು ಮಾರಾಟವಾಗಲಿಲ್ಲ. ಡಿಸ್ಕೊದವರಿಗೆ ಹಾಡು ಬೇಕಿತ್ತು, ರಾಗದವರಿಗೆ ತಂಬೂರಿ ಬೇಕಿತ್ತು. ಚರಣ್‌ಜಿತ್ ತಮ್ಮ ಎಂದಿನ ಕೆಲಸಕ್ಕೆ ಮರಳಿದರು.

ಅತ್ತ ಅಮೆರಿಕದ ಶಿಕಾಗೊದಲ್ಲಿ, ಗಿರಾಕಿಯಿಲ್ಲದೆ ಅಗ್ಗದ ಸೆಕೆಂಡ್‌ಹ್ಯಾಂಡ್ ಸರಕಾಗಿದ್ದ ಅದೇ 303 ‘ಫ್ಯೂಚರ್’ ಎಂಬ ತಂಡದ ಹುಡುಗರ ಕೈಗೆ ಬಿತ್ತು. ಅವರು ಅದರ ತಿರುಗುಣಿಗಳನ್ನು ನುಡಿಸುತ್ತಲೇ ತಿರುಚಿದರು. ಸದ್ದು ಕೀರಿತು, ಉಕ್ಕಿತು, ಬಾಗಿತು. 1987ರಲ್ಲಿ ಬಂದ ಅವರ ‘ಆಸಿಡ್ ಟ್ರ್ಯಾಕ್ಸ್’ನಿಂದ ಆಸಿಡ್ ಹೌಸ್ ಎಂಬ ಪ್ರಕಾರಕ್ಕೆ ಹೆಸರು ಬಂತು, ಅದು ಇಂಗ್ಲೆಂಡಿಗೆ ಹೋಗಿ ಒಂದು ತಲೆಮಾರನ್ನೇ ಕುಣಿಸಿತು.

ಈ ಎರಡು ಕಥೆಗಳು ಕೂಡಿದ್ದು 2002ರಲ್ಲಿ. ಹಳೆಯ ಹಿಂದಿ ಸಿನಿಮಾ ರೆಕಾರ್ಡುಗಳನ್ನು ಹುಡುಕಿಕೊಂಡು ಬಂದಿದ್ದ ಡಚ್ ಸಂಗ್ರಾಹಕ ಎಡೊ ಬೌಮನ್ ಅವರಿಗೆ ದೆಹಲಿಯ ಅಂಗಡಿಯೊಂದರಲ್ಲಿ ಚರಣ್‌ಜಿತ್ ರೆಕಾರ್ಡು ಸಿಕ್ಕಿತು. 2010ರಲ್ಲಿ ತಮ್ಮ ‘ಬಾಂಬೆ ಕನೆಕ್ಷನ್’ ಎಂಬ ರೆಕಾರ್ಡ್ ಸಂಸ್ಥೆಯ ಮೂಲಕ ಅವರು ಅದನ್ನು ಮರುಬಿಡುಗಡೆ ಮಾಡಿದಾಗ ಯುರೋಪಿನ ಕೇಳುಗರು ಮೊದಲು ನಂಬಲೇ ಇಲ್ಲ. ಏಫೆಕ್ಸ್ ಟ್ವಿನ್‌ನಂಥ ಯಾರೋ ಕಿಡಿಗೇಡಿ ಕಲಾವಿದರು ಹಳೆಯ ತಾರೀಕು ಅಂಟಿಸಿ ಆಡಿದ ಆಟ ಎಂದರು. ನಿಜವೆಂದು ತಿಳಿದ ಮೇಲೆ ಮಾತು ಇನ್ನೊಂದು ತುದಿಗೆ ಹೋಯಿತು: ಆಸಿಡ್ ಹೌಸ್ ಹುಟ್ಟಿದ್ದು ಬಾಂಬೆಯಲ್ಲೇ! ಎಪ್ಪತ್ತರ ವಯಸ್ಸಿನಲ್ಲಿ ಚರಣ್‌ಜಿತ್ ಯುರೋಪಿನ ವೇದಿಕೆಗಳಲ್ಲಿ ಅದೇ ರಾಗಗಳನ್ನು ನುಡಿಸಿದರು. 2015ರ ಜುಲೈನಲ್ಲಿ ಮುಂಬಯಿಯಲ್ಲಿ ತೀರಿಕೊಂಡಾಗ ಶ್ರದ್ಧಾಂಜಲಿಗಳೂ ಅವರನ್ನು ಆ ಪ್ರಕಾರದ ಆದ್ಯರೆಂದೇ ಕರೆದವು.

ಹುಟ್ಟಿಸಿದರು ಎನ್ನಲು ವಂಶ ಬೇಕು. ಶಿಕಾಗೊದವರು ಈ ರೆಕಾರ್ಡು ಕೇಳಿ ಕಲಿತದ್ದಲ್ಲ. ಚರಣ್‌ಜಿತ್‌ಗೂ ಆಸಿಡ್ ಹೌಸ್ ಎಂದರೇನೆಂದು ಆಗ ಗೊತ್ತಿರುವ ಪ್ರಶ್ನೆಯೇ ಇಲ್ಲ. ಎರಡು ಊರುಗಳಲ್ಲಿ ಒಂದೇ ಯಂತ್ರ ಎರಡು ಬಗೆಯ ಕೈಗಳಿಗೆ ಒಂದೇ ಬಗೆಯ ಸದ್ದು ಕೊಟ್ಟಿತು. ‘ಮೊದಲಿಗ’ ಎಂಬ ಪಟ್ಟ ಕಟ್ಟುವ ಉತ್ಸಾಹದಲ್ಲಿ ನುಡಿಸಿದ ರಾಗಗಳ ಬಗ್ಗೆ ಮಾತೇ ಆಗಲಿಲ್ಲ, ಅದು ನನಗೆ ಬೇಸರ.

ರೆಕಾರ್ಡು ಶುರುವಾಗುವುದು ಭೈರವ್‌ನಿಂದ. ಯಂತ್ರಧ್ವನಿಯೊಂದು ‘ಓಂ ನಮಃ ಶಿವಾಯ’ ಎನ್ನುತ್ತದೆ, ತಾಳ ಬೀಳುತ್ತದೆ. ಭೈರವ್‌ನ ಸ್ವರಗಳೆಂದರೆ ನಮ್ಮಲ್ಲಿ ಮಕ್ಕಳು ಸರಳೆ ವರಸೆ ಕಲಿಯುವ ಮಾಯಾಮಾಳವಗೌಳದವೇ, ಆದ್ದರಿಂದ ಕನ್ನಡದ ಕಿವಿಗೆ ಗುರುತು ಹತ್ತುವುದು ತಡವಾಗದು. ಆಲಾಪದ ಹಂಗಿಲ್ಲ, ಬೆಳಗಿನ ರಾಗವೂ ನಡುರಾತ್ರಿಯ ರಾಗವೂ ಅದೇ ಓಟದಲ್ಲಿ ಓಡುತ್ತವೆ. ತೋಡಿಯ ಗಾಂಧಾರ ಕೀಬೋರ್ಡಿನ ಬಿಳಿ-ಕಪ್ಪು ಮನೆಗಳ ನಡುವೆ ಎಲ್ಲೋ ಇರುವಂಥದ್ದು. ಇಲ್ಲಿ ಅದು ಚಪ್ಪಟೆಯಾಗಿದೆ, ಸಂಗೀತ ಬಲ್ಲವರ ಆಕ್ಷೇಪಕ್ಕೆ ನನ್ನಲ್ಲಿ ಉತ್ತರವಿಲ್ಲ. ಐದೇ ಸ್ವರಗಳ ರಾಗಗಳಾದ ಭೂಪಾಲಿ, ಮಾಲ್ಕೌಂಸ್, ಕಲಾವತಿಗಳದ್ದು ಬೇರೆ ಮಾತು. ನಮ್ಮ ಮೋಹನ, ಹಿಂದೋಳ, ವಲಜಿಗಳ ಬಳಗ ಅವು. ಸ್ವರ ಕಡಿಮೆಯಾದಷ್ಟೂ 303ಕ್ಕೆ ಸುತ್ತಲು ಜಾಗ ಸಿಗುತ್ತದೆ. ಮೊದಲ ಸಲ ಕೇಳುವವರು ಹಾಡುಗಳ ಕ್ರಮವನ್ನು ಮುರಿದು ಕಲಾವತಿಯಿಂದಲೇ ಶುರು ಮಾಡುವುದು ಒಳ್ಳೆಯದು, ಸ್ಪೀಕರಿನ ಬೇಸ್ ಸ್ವಲ್ಪ ಏರಿಸಿಕೊಂಡು.