ಪೊಟ್ಯಾಸಿಯಮ್ ರಕ್ತವನ್ನು ಐಸಿನಲ್ಲಿ ಇಡಬೇಡಿ

ದರೋಜಿ ಇರುವುದು ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿನಲ್ಲಿ. ಇಲ್ಲಿ ನಾನು ತೆಗೆಯುವ ರಕ್ತದ ಪರೀಕ್ಷೆ ನಡೆಯುವುದು ಪಕ್ಕದ ವಿಜಯನಗರ ಜಿಲ್ಲೆಯ ಹೊಸಪೇಟೆಯಲ್ಲಿ. ನಡುವಿನ ದಾರಿಯಲ್ಲಿ ರಕ್ತ ಬೈಕಿನ ಹಿಂದೆ ಕಟ್ಟಿದ ಡಬ್ಬಿಯಲ್ಲಿ ಸಾಗುತ್ತದೆ. ಕೊಲೆಸ್ಟ್ರಾಲ್‌ನಂಥ ಪರೀಕ್ಷೆಗಳು ಆ ಪ್ರಯಾಣವನ್ನು ತಡೆದುಕೊಳ್ಳುತ್ತವೆ. ಪೊಟ್ಯಾಸಿಯಮ್ ತಡೆದುಕೊಳ್ಳುವುದಿಲ್ಲ.

ಬೇಸಿಗೆಯಲ್ಲಿ ಮನೆಗೆ ಹೋಗಿ ರಕ್ತ ತೆಗೆದಾಗ ಯಾರಾದರೂ ಫ್ರಿಜ್ಜಿನಿಂದ ಐಸ್ ತಂದು ಕೊಡುತ್ತಾರೆ. ‘ಅಕ್ಕಾ, ಬಿಸ್ಲು ಭಾಳ ಐತಿ, ಇದ್ರಾಗ ಇಟ್ಕಂಡು ಹೋಗ್ರಿ, ಕೆಡಬಾರ್ದು.’ ಪ್ರೀತಿಯಿಂದ ಹೇಳುವ ಮಾತು ಅದು. ಮಕ್ಕಳ ಲಸಿಕೆ ತಣ್ಣನೆಯ ಪೆಟ್ಟಿಗೆಯಲ್ಲಿ ಊರಿಗೆ ಬರುವುದನ್ನು ಎಲ್ಲರೂ ನೋಡಿದ್ದಾರೆ, ರಕ್ತಕ್ಕೂ ಹಾಗೆಯೇ ಅಂದುಕೊಳ್ಳುತ್ತಾರೆ. ಆದರೆ ಪೊಟ್ಯಾಸಿಯಮ್ ಲೆಕ್ಕ ತಪ್ಪಲು ಆ ಐಸೇ ಸಾಕು.

ನಮ್ಮ ಮೈಯಲ್ಲಿರುವ ಪೊಟ್ಯಾಸಿಯಮ್‌ನಲ್ಲಿ 100ಕ್ಕೆ 98 ಭಾಗ ಜೀವಕೋಶಗಳ ಒಳಗಿರುತ್ತದೆ. ಹೊರಗೆ ರಕ್ತದ ನೀರಿನಲ್ಲಿ ಲೀಟರಿಗೆ 3.5ರಿಂದ 5 ಮಿಲಿಮೋಲ್ ಇದ್ದರೆ, ಕೆಂಪು ರಕ್ತಕಣದ ಒಳಗೆ ಅದರ ಇಪ್ಪತ್ತು ಪಟ್ಟು. ಕಣದ ಪೊರೆಯಲ್ಲಿರುವ ಪಂಪುಗಳು ಪೊಟ್ಯಾಸಿಯಮ್ಮನ್ನು ಎಡೆಬಿಡದೆ ಒಳಗೆ ಎಳೆದು, ಸೋಡಿಯಮ್ಮನ್ನು ಹೊರಗೆ ಹಾಕುತ್ತಿರುತ್ತವೆ. ಡೆನ್ಮಾರ್ಕಿನ ಯೆನ್ಸ್ ಸ್ಕೌ ಈ ಪಂಪಿನ ಗುಟ್ಟನ್ನು 1957ರಲ್ಲಿ ಪ್ರಕಟಿಸಿದರು. ನೊಬೆಲ್ ಬಂದದ್ದು 1997ರಲ್ಲಿ.

ಟ್ಯೂಬಿಗೆ ಬಿದ್ದ ಮೇಲೂ ರಕ್ತಕಣ ಬದುಕಿರುತ್ತದೆ, ಪಂಪು ದುಡಿಯುತ್ತಿರುತ್ತದೆ. ಐಸಿನಲ್ಲಿಟ್ಟರೆ ಅದು ಮಂಕಾಗುತ್ತದೆ, ಒಳಗಿನ ಪೊಟ್ಯಾಸಿಯಮ್ ಮೆಲ್ಲಗೆ ಸೋರಿ ಹೊರಗೆ ಸೇರುತ್ತದೆ. ರಕ್ತಕಣ ಒಡೆಯದೆ ಇರುವುದರಿಂದ ರಕ್ತ ನೋಡಲು ಚೆನ್ನಾಗಿಯೇ ಕಾಣುತ್ತದೆ, ವರದಿ ಮಾತ್ರ ಮೇಲೇರಿರುತ್ತದೆ. ಹಾಗಂತ ಬಿಸಿಲಿನಲ್ಲಿ ಬಿಡುವಂತಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುತ್ತದೆ. ಆ ಶಾಖಕ್ಕೆ ಪಂಪು ಜೋರಾಗಿ ದುಡಿದು ಪೊಟ್ಯಾಸಿಯಮ್ಮನ್ನು ಒಳಗೆಳೆಯುತ್ತದೆ, ವರದಿ ಕೆಳಗಿಳಿಯುತ್ತದೆ. ಟ್ಯೂಬಿನಲ್ಲಿದ್ದ ಸಕ್ಕರೆ ಮುಗಿದ ಮೇಲೆ ಪಂಪಿಗೆ ಶಕ್ತಿಯಿಲ್ಲ, ಆಗ ಸೋರತೊಡಗಿ ಲೆಕ್ಕ ಮತ್ತೆ ಏರುತ್ತದೆ. ಬ್ರಿಟನ್ನಿನಲ್ಲಿ ಹಳ್ಳಿಯ ಕ್ಲಿನಿಕ್ಕುಗಳಿಂದ ದೂರದ ಲ್ಯಾಬಿಗೆ ಹೋಗುವ ರಕ್ತದಲ್ಲಿ ಚಳಿಗಾಲಕ್ಕೆ ಪೊಟ್ಯಾಸಿಯಮ್ ಹೆಚ್ಚು, ಬೇಸಿಗೆಗೆ ಕಡಿಮೆ ಬರುವುದನ್ನು ವೈದ್ಯರು ಗುರುತಿಸಿ ಬರೆದಿದ್ದಾರೆ. ಅಲ್ಲಿಯ ಬೇಸಿಗೆಯೇ ಅಷ್ಟು ಮಾಡಿದರೆ ದರೋಜಿಯ ಬೇಸಿಗೆ ಏನು ಮಾಡೀತು!

ಇದಕ್ಕೆ ದಾರಿ ಒಂದೇ: ಬೈಕ್ ಹತ್ತುವ ಮೊದಲೇ ರಕ್ತಕಣಗಳನ್ನೂ ಸೀರಮ್ಮನ್ನೂ ಬೇರೆ ಮಾಡುವುದು. ಹಳದಿ ಮುಚ್ಚಳದ ಜೆಲ್ ಟ್ಯೂಬಿನಲ್ಲಿ ರಕ್ತವನ್ನು ಅರ್ಧ ಗಂಟೆ ನೆಟ್ಟಗೆ ನಿಲ್ಲಿಸಿ, ಪೂರ್ತಿ ಹೆಪ್ಪುಗಟ್ಟಿದ ಮೇಲೆ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸುತ್ತೇನೆ. ಕಣಗಳು ಕೆಳಗೆ ಕೂತು, ನಡುವೆ ಜೆಲ್ ಅಡ್ಡ ನಿಂತು, ಮೇಲೆ ತಿಳಿಹಳದಿ ಸೀರಮ್ ಉಳಿಯುತ್ತದೆ. ತೆಗೆದ ಎರಡು ಗಂಟೆಯೊಳಗೆ ಇಷ್ಟು ಆಗಬೇಕು. ಒಮ್ಮೆ ತಿರುಗಿಸಿದ ಜೆಲ್ ಟ್ಯೂಬನ್ನು ಇನ್ನೊಮ್ಮೆ ತಿರುಗಿಸಬಾರದು, ಜೆಲ್ಲಿನ ಕೆಳಗೆ ಸೋರಿದ್ದು ಮೇಲೆ ಬೆರೆಯುತ್ತದೆ. ಕರೆಂಟ್ ಇಲ್ಲದ ಹೊತ್ತಿನಲ್ಲಿ ಪೊಟ್ಯಾಸಿಯಮ್ ರಕ್ತವನ್ನು ನಾನು ತೆಗೆಯುವುದೇ ಇಲ್ಲ, ಬಂದವರನ್ನು ಕೂರಿಸಿಕೊಳ್ಳುತ್ತೇನೆ. ದೊಡ್ಡ ಯಂತ್ರಗಳ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಊರೂರಿಗೆ ಮೊದಲು ಬೇಕಾದದ್ದು ಈ ಸಣ್ಣ ಯಂತ್ರ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ದಾರಿಯಷ್ಟೇ ಮುಖ್ಯ, ಸೂಜಿ ಚುಚ್ಚುವ ಗಳಿಗೆ. ರಟ್ಟೆಗೆ ರಬ್ಬರ್ ಪಟ್ಟಿ ಕಟ್ಟಿದ ಕೂಡಲೇ ಬಂದವರು ತಾವಾಗಿ ಮುಷ್ಟಿ ಬಿಗಿದು ಬಿಟ್ಟು ಮಾಡತೊಡಗುತ್ತಾರೆ. ‘ಅಜ್ಜಾ, ಕೈ ಸಡ್ಲ ಬಿಡ್ರಿ’ ಅಂದರೆ, ‘ಮುಷ್ಟಿ ಬಿಗೀದಿದ್ರ ನರ ಹೆಂಗ ಸಿಗತೈತವ್ವಾ?’ ಅನ್ನುತ್ತಾರೆ. ಗದ್ದೆಯಲ್ಲಿ ದುಡಿದ ಕೈಗಳಲ್ಲಿ ನರ ಹಗ್ಗದ ಹಾಗೆ ಎದ್ದಿರುತ್ತದೆ, ಮುಷ್ಟಿ ಬೇಕಾಗಿಯೇ ಇಲ್ಲ. ಮಾಂಸಖಂಡ ದುಡಿದಾಗ ಅದರೊಳಗಿನ ಪೊಟ್ಯಾಸಿಯಮ್ ಹೊರಬಂದು, ಪಟ್ಟಿ ಕಟ್ಟಿದ ಕೈಯಲ್ಲಿಯೇ ನಿಲ್ಲುತ್ತದೆ. ಹೀಗೆ ಮುಷ್ಟಿ ಹಿಸುಕುವುದರಿಂದಲೇ ಲೆಕ್ಕ ಒಂದು ಮಿಲಿಮೋಲ್‌ಗಿಂತ ಹೆಚ್ಚು ಏರಬಹುದೆಂದು 1990ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪ್ರಕಟಿಸಿತು. ಪಟ್ಟಿ ಒಂದು ನಿಮಿಷ ಮೀರಬಾರದು. ಸ್ಪಿರಿಟ್ ಆರಿದ ಮೇಲೆ ಚುಚ್ಚಬೇಕು. ಸಿರಿಂಜನ್ನು ಜೋರಾಗಿ ಎಳೆದರೆ, ತೆಳು ಸೂಜಿಯ ಮೂಲಕವೇ ರಕ್ತವನ್ನು ಟ್ಯೂಬಿಗೆ ಒತ್ತಿದರೆ, ಟ್ಯೂಬನ್ನು ಗಡಗಡ ಅಲ್ಲಾಡಿಸಿದರೆ ಕೆಂಪುಕಣ ಒಡೆದು ಒಳಗಿನದೆಲ್ಲ ಹೊರಗೆ. ತಿರುಗಿಸಿದ ಮೇಲೆ ಸೀರಮ್ ಗುಲಾಬಿ ಬಣ್ಣಕ್ಕೆ ಬಂದಿದ್ದರೆ ನಡೆದದ್ದು ಅದೇ.

ಇನ್ನೊಂದು ತಪ್ಪು ಕಣ್ಣಿಗೆ ಕಾಣುವುದೇ ಇಲ್ಲ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಹಾಕುವ ಇಡಿಟಿಎ ಪೊಟ್ಯಾಸಿಯಮ್‌ನ ಲವಣ. ಹಳದಿ ಟ್ಯೂಬಿಗೆ ಸಾಲದೆಂದು ನೇರಳೆಯಿಂದ ನಾಲ್ಕು ಹನಿ ಸುರಿದರೆ ಪೊಟ್ಯಾಸಿಯಮ್ ಸುಳ್ಳಾಗಿ ಏರುತ್ತದೆ, ಜೊತೆಗೆ ಕ್ಯಾಲ್ಸಿಯಂ ಕುಸಿಯುತ್ತದೆ. ಅದಕ್ಕೇ ಹಳದಿ ಮೊದಲು, ನೇರಳೆ ಆಮೇಲೆ.

ಇಷ್ಟು ಜಾಗ್ರತೆ ಯಾಕೆಂದರೆ ಈ ಪರೀಕ್ಷೆಗೆ ಬರುವವರಲ್ಲಿ ಹೆಚ್ಚಿನವರು ಕಿಡ್ನಿ ಸೋತವರು, ಬಿಪಿ ಮತ್ತು ಹೃದಯದ ಮಾತ್ರೆ ನುಂಗುವವರು. ಸುಳ್ಳಾಗಿ 6.2 ಬಂದರೆ ಬೇಕಾದ ಮಾತ್ರೆ ನಿಲ್ಲುತ್ತದೆ. ಪೊಟ್ಯಾಸಿಯಮ್ ಹೆಚ್ಚೆಂದು ಕಂಪ್ಲಿಯ ಬಾಳೆತೋಟದವರಿಗೂ ಬಾಳೆಹಣ್ಣು, ಎಳನೀರು ಬೇಡ ಎನ್ನಲಾಗುತ್ತದೆ. ಏರದ ಪೊಟ್ಯಾಸಿಯಮ್ ಇಳಿಸಲು ಇನ್ಸುಲಿನ್ ಹತ್ತಿಸುವ ಅಪಾಯವೂ ಉಂಟು. ಬಿಸಿಲಿನಲ್ಲಿ ಸುಳ್ಳಾಗಿ ಇಳಿದ ವರದಿ ನಿಜವಾಗಿ ಏರಿದ್ದನ್ನು ಮುಚ್ಚಿಟ್ಟರೆ ಇನ್ನೂ ಕೆಟ್ಟದ್ದು, ಏರಿದ ಪೊಟ್ಯಾಸಿಯಮ್ ಹೃದಯವನ್ನೇ ನಿಲ್ಲಿಸಬಲ್ಲದು. ಆದ್ದರಿಂದ ಹೆಚ್ಚು ಬಂದ ವರದಿಯನ್ನು ‘ತೆಗೆದದ್ದು ಸರಿಯಿರಲಿಕ್ಕಿಲ್ಲ’ ಎಂದು ಮನೆಯಲ್ಲೇ ತಳ್ಳಿಹಾಕಬೇಡಿ. ಆ ದಿನವೇ ಡಾಕ್ಟರಿಗೆ ತೋರಿಸಿ. ಅವರು ಇಸಿಜಿ ತೆಗೆಸಿ, ರಕ್ತವನ್ನು ಮತ್ತೊಮ್ಮೆ ಸರಿಯಾಗಿ ತೆಗೆಸುತ್ತಾರೆ. ಕೈಗೆ ಡ್ರಿಪ್ ಹಾಕಿದ್ದರೆ ರಕ್ತ ತೆಗೆಯುವವರಿಗೆ ಮೊದಲೇ ಹೇಳಿ, ಇನ್ನೊಂದು ಕೈ ಕೊಡಿ.

ಚೀಟಿಯ ಮೇಲೆ ನಾನು ಎರಡು ಹೊತ್ತು ಬರೆಯುತ್ತೇನೆ: ರಕ್ತ ತೆಗೆದದ್ದು, ಯಂತ್ರದಲ್ಲಿ ತಿರುಗಿಸಿದ್ದು. ನಡುವೆ ಎರಡು ಗಂಟೆ ದಾಟಿದ್ದರೆ ಆ ಟ್ಯೂಬಿನಲ್ಲಿ ಪೊಟ್ಯಾಸಿಯಮ್ ನೋಡಬೇಡಿ ಎಂದು ಲ್ಯಾಬಿಗೆ ಹೇಳಿ, ಅದೇ ಮನೆಗೆ ಮತ್ತೆ ಹೋಗಿ ತೆಗೆಯುತ್ತೇನೆ. ಎರಡನೇ ಸಲಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ.