ಮನೆಯ ಎಸ್ಪ್ರೆಸೊ ಕಾಫಿಗೆ ಹದವಾಗಿ ಹುರಿದ ಇಡಿ ಬೀಜದ ಆಯ್ಕೆ



ಸಿರುಗುಪ್ಪದ ಭತ್ತವನ್ನೋ ಕುರುಗೋಡಿನ ಮೆಣಸಿನಕಾಯಿಯನ್ನೋ ಕುರಿತು ಬರೆಯಬೇಕಾದ ಬೇಸಾಯ ಶಾಸ್ತ್ರಜ್ಞನು ಕಾಫಿಯ ವಿಷಯವನ್ನು ಎತ್ತಿಕೊಂಡಿರುವುದು ತಮಗೆ ಸೋಜಿಗವೆನಿಸಬಹುದು. ನಮ್ಮ ಬಳ್ಳಾರಿ ಸೀಮೆಯಲ್ಲಿ ಕಾಫಿ ಗಿಡ ಬದುಕುವುದಿಲ್ಲ, ನಿಜ. ಆದರೆ ಕಾಫಿ ಕುಡಿಯುವ ಅಭ್ಯಾಸ ನಮಗೆ ಹೊಸದಲ್ಲ. 1953ರಲ್ಲಿ ಮೈಸೂರು ರಾಜ್ಯಕ್ಕೆ ಸೇರುವ ಮೊದಲು ಬಳ್ಳಾರಿಯು ಮದ್ರಾಸಿನ ಆಡಳಿತದಲ್ಲಿತ್ತು. ಫಿಲ್ಟರ್ ಕಾಫಿಯ ರುಚಿ ಬಲ್ಲ ಮನೆಗಳು ಇಲ್ಲಿ ಮೊದಲಿನಿಂದಲೂ ಇವೆ. ಈಗ ಆ ಮನೆಗಳಿಗೆ ಎಸ್ಪ್ರೆಸೊ ಯಂತ್ರವೂ ಬರತೊಡಗಿದೆ.

ಹೋದ ಬೇಸಿಗೆಯಲ್ಲಿ ಭತ್ತದ ತಾಕು ನೋಡಲೆಂದು ಸಿರುಗುಪ್ಪ ತಾಲ್ಲೂಕಿನ ಒಂದು ಹಳ್ಳಿಗೆ ಹೋಗಿದ್ದೆ. ಆ ಮನೆಯ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದು, ತಂದೆತಾಯಿಗೆಂದು ಒಂದು ಯಂತ್ರವನ್ನು ತಂದುಕೊಟ್ಟಿದ್ದ. ಯಜಮಾನರು ಲೋಟವನ್ನು ನನ್ನ ಕೈಗಿತ್ತು, "ನೀವೇ ಕುಡಿದು ನೋಡ್ರಿ ಸಾರ್. ಇಷ್ಟು ರೊಕ್ಕ ಹಾಕಿದ ಮಿಷಿನ್ನು, ಕಾಫಿ ನೋಡಿದ್ರೆ ಬೇವಿನ ಕಷಾಯ ಆಗೈತಿ" ಎಂದರು. ಬೀಜದ ಪೊಟ್ಟಣವನ್ನು ತರಿಸಿ ನೋಡಿದೆ. ಬೀಜಗಳು ಕಪ್ಪಾಗಿ, ಎಣ್ಣೆ ಸವರಿದಂತೆ ಮಿರುಗುತ್ತಿದ್ದವು. ಹುರಿದ ದಿನಾಂಕ ಎಲ್ಲಿಯೂ ಇರಲಿಲ್ಲ. ಪೊಟ್ಟಣದ ಬಾಯಿ ಬಿಚ್ಚಿ ಎರಡು ತಿಂಗಳಾಗಿತ್ತು. ಯಂತ್ರದಲ್ಲಿ ಯಾವ ದೋಷವೂ ಇರಲಿಲ್ಲ. ಅದನ್ನು ಮಾರಿಬಿಡಬೇಕೆಂದು ಅವರು ಆಗಲೇ ನಿಶ್ಚಯಿಸಿದ್ದರು. ಹತ್ತಾರು ಸಾವಿರ ರೂಪಾಯಿ ಕೊಟ್ಟ ವಸ್ತು, ಬೀಜದ ಆಯ್ಕೆ ತಪ್ಪಿದ್ದರಿಂದ ಮೂಲೆ ಸೇರಲಿತ್ತು. ಈ ಲೇಖನಕ್ಕೆ ಅದೇ ಕಾರಣ.

ಎಸ್ಪ್ರೆಸೊ ಎಂದರೇನು?

ನಮ್ಮ ಹಿತ್ತಾಳೆಯ ಅಥವಾ ಸ್ಟೀಲಿನ ಫಿಲ್ಟರಿನಲ್ಲಿ ಬಿಸಿನೀರು ತನ್ನ ಭಾರದಿಂದಲೇ ಪುಡಿಯ ಮೂಲಕ ಇಳಿಯುತ್ತದೆ. ಹನಿಹನಿಯಾಗಿ ಡಿಕಾಕ್ಷನ್ ಸೇರಲು ಕಾಲು ಗಂಟೆಯೋ ಅರ್ಧ ಗಂಟೆಯೋ ಬೇಕು. ಎಸ್ಪ್ರೆಸೊ ಯಂತ್ರದಲ್ಲಿ 90ರಿಂದ 96 ಡಿಗ್ರಿ ಸೆಂಟಿಗ್ರೇಡ್ ಬಿಸಿಯಿರುವ ನೀರನ್ನು, ವಾತಾವರಣದ ಒತ್ತಡದ ಸುಮಾರು 9 ಪಟ್ಟು ಒತ್ತಡದಲ್ಲಿ, ನುಣ್ಣನೆಯ ಪುಡಿಯೊಳಗೆ ನುಗ್ಗಿಸಲಾಗುತ್ತದೆ. 18 ಗ್ರಾಂ ಪುಡಿಗೆ 25ರಿಂದ 30 ಸೆಕೆಂಡಿನಲ್ಲಿ ಸುಮಾರು 36 ಗ್ರಾಂ ಗಟ್ಟಿ ಕಾಫಿ ಇಳಿದರೆ ಅದನ್ನು ಹದವೆಂದು ತಿಳಿಯಬಹುದು. ಇಷ್ಟು ಕಡಿಮೆ ನೀರಿನಲ್ಲಿ, ಇಷ್ಟು ಬೇಗ ಸಾರವನ್ನು ಎಳೆಯುವುದರಿಂದ ಬೀಜದ ಗುಣವೂ ದೋಷವೂ ನಾಲಿಗೆಗೆ ಎದ್ದು ಕಾಣುತ್ತವೆ. ಫಿಲ್ಟರಿನಲ್ಲಿ ಹಾಲು ಸಕ್ಕರೆಯೊಡನೆ ಮುಚ್ಚಿಹೋಗುತ್ತಿದ್ದ ಕಮಟು ಇಲ್ಲಿ ಮುಚ್ಚಿಹೋಗುವುದಿಲ್ಲ.

ಒಲೆಯ ಮೇಲಿಡುವ ಮೋಕಾ ಪಾತ್ರೆ 1933ರಲ್ಲಿ ಇಟಲಿಯಲ್ಲಿ ಬಂದದ್ದು. ಅದರಲ್ಲಿ ಇಷ್ಟು ಒತ್ತಡ ಹುಟ್ಟುವುದಿಲ್ಲ. ಆದರೂ ಅದನ್ನು ಬಳಸುವವರಿಗೆ ಮುಂದೆ ಹೇಳುವ ಮಾತುಗಳಲ್ಲಿ ಹೆಚ್ಚಿನವು ಅನ್ವಯಿಸುತ್ತವೆ. ಪುಡಿ ಮಾತ್ರ ಸ್ವಲ್ಪ ತರಿಯಾಗಿರಲಿ.

ಹುರಿಯುವ ಹದ

ಹಸಿ ಕಾಫಿಬೀಜಕ್ಕೆ ನಾವು ಬಲ್ಲ ಕಾಫಿಯ ವಾಸನೆಯೇ ಇಲ್ಲ. ಅದು ಬರುವುದು ಹುರಿದಾಗ. ಬಾಣಲೆಯಲ್ಲಿ ಜೋಳ ಅರಳುವಾಗ ಚಟಪಟ ಸದ್ದಾಗುವುದನ್ನು ತಾವು ಬಲ್ಲಿರಿ. ಕಾಫಿಬೀಜವೂ ಹಾಗೆಯೇ ಎರಡು ಬಾರಿ ಸಿಡಿಯುತ್ತದೆ. ಬೀಜದ ಉಷ್ಣತೆ 200 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿಗೆ ಬಂದಾಗ ಒಳಗಿನ ಆವಿಯ ಒತ್ತಡಕ್ಕೆ ಮೊದಲ ಸಿಡಿತ ಕೇಳಿಬರುತ್ತದೆ. 220ರಿಂದ 225 ಡಿಗ್ರಿಯ ಸುಮಾರಿಗೆ ಎರಡನೆಯದು ಕೇಳುತ್ತದೆ. ಅದರ ಸದ್ದು ಸಣ್ಣದು, ಒಣ ಕಡ್ಡಿ ಮುರಿದಂತೆ. ಮೊದಲ ಸಿಡಿತ ಮುಗಿದ ಮೇಲೆ, ಎರಡನೆಯದು ತೊಡಗುವ ಮುನ್ನ ಇಳಿಸಿದ ಬೀಜವೇ ಮಧ್ಯಮ ಹುರಿ. 100 ಕಿಲೋ ಹಸಿ ಬೀಜ ಈ ಹದಕ್ಕೆ ಬಂದಾಗ ಸುಮಾರು 85 ಕಿಲೋ ಉಳಿಯುತ್ತದೆ.

ಇದಕ್ಕಿಂತ ಮೊದಲೇ ಇಳಿಸಿದ ಬೀಜ ಗಟ್ಟಿಯಾಗಿರುತ್ತದೆ. ಮನೆಬಳಕೆಯ ಸಣ್ಣ ಯಂತ್ರ ಅದರ ಸಾರವನ್ನು ಪೂರ್ತಿಯಾಗಿ ಎಳೆಯಲಾರದು. ಲೋಟಕ್ಕೆ ಹುಣಸೆಹುಳಿಯಂಥ ಕಾಫಿ ಬರುತ್ತದೆ. ಎರಡನೆಯ ಸಿಡಿತವನ್ನು ದಾಟಿಸಿದರೆ ಬೀಜದ ಸ್ವಂತ ರುಚಿ ಸುಟ್ಟು, ಕಹಿ ಉಳಿಯುತ್ತದೆ. ಒಳಗಿನ ಎಣ್ಣೆ ಹೊರಗೆ ಬಂದು ಗಾಳಿಗೆ ಸಿಕ್ಕಿ ಬೇಗನೆ ಕೆಡುತ್ತದೆ. ಗ್ರೈಂಡರಿನ ಹಲ್ಲುಗಳಿಗೂ ಅದು ಮೆತ್ತಿಕೊಳ್ಳುತ್ತದೆ. ಕಡುವಾಗಿ ಹುರಿಯುವುದರಲ್ಲಿ ಇನ್ನೊಂದು ಗುಟ್ಟಿದೆ. ಕಳಪೆ ಬೀಜದ ಕುಂದುಗಳೆಲ್ಲ ಆ ಕಪ್ಪಿನಲ್ಲಿ ಅಡಗಿಹೋಗುತ್ತವೆ. ಕಡು ಹುರಿಯೆಲ್ಲವೂ ಮೋಸವೆಂದು ನಾನು ಹೇಳುತ್ತಿಲ್ಲ. ಅದನ್ನೇ ಮೆಚ್ಚುವವರಿದ್ದಾರೆ. ಆದರೆ ಕೊಟ್ಟ ಹಣಕ್ಕೆ ಎಂಥ ಬೀಜ ಬಂದಿತೆಂದು ತಿಳಿಯಬೇಕಾದರೆ ಮಧ್ಯಮ ಹುರಿಯೇ ಲೇಸು.

ಕಣ್ಣಿನಿಂದ ಗುರುತಿಸುವುದು ಕಷ್ಟವಲ್ಲ. ಬಣ್ಣವು ಹುಣಸೆಬೀಜದ ಕಂದಿನಂತಿರಬೇಕು, ಆದರೆ ಹುಣಸೆಬೀಜದ ಹೊಳಪು ಇರಬಾರದು. ಮೆಣಸಿನಕಾಯಿಯನ್ನು ಬ್ಯಾಡಗಿ ಮಾರುಕಟ್ಟೆಗೆ ಒಯ್ಯುವ ನಮ್ಮ ರೈತರಿಗೆ ಹೊಳಪಿನ ಮೇಲೆ ಬೆಲೆ ಕಟ್ಟುವ ಅಭ್ಯಾಸವಿದೆ. ಕಾಫಿಯಲ್ಲಿ ಆ ಅಭ್ಯಾಸವನ್ನು ಬದಿಗಿಡಬೇಕು. ಎಲ್ಲ ಬೀಜಗಳೂ ಒಂದೇ ಬಣ್ಣಕ್ಕೆ ಬಂದಿವೆಯೇ ನೋಡಿರಿ. ನಡುವೆ ಬಿಳಿಚಿದ ಬೀಜಗಳು ಕಂಡರೆ ಅವು ಬಲಿಯದ ಹಣ್ಣಿನವು. ಒಂದು ಬೀಜವನ್ನು ಹಲ್ಲಿನಿಂದ ಕಡಿದರೆ ಹುರಿದ ಶೇಂಗಾದಂತೆ ಕಟಕ್ಕನೆ ಮುರಿಯಬೇಕು.

ಹಳೆ ಅಕ್ಕಿ, ಹೊಸ ಕಾಫಿ

ಇದು ನಮ್ಮವರು ಹೆಚ್ಚಾಗಿ ಎಡವುವ ಜಾಗ. ಸೋನಾ ಮಸೂರಿ ಹಳೆಯದಾದಷ್ಟೂ ಅನ್ನ ಉದುರಾಗುತ್ತದೆ, ಬೆಲೆಯೂ ಹೆಚ್ಚು. ಕಾಳುಕಡಿಯನ್ನು ವರ್ಷಕ್ಕಾಗುವಷ್ಟು ತುಂಬಿಡುವುದು ನಮ್ಮ ಮನೆಗಳ ಪದ್ಧತಿ. ಹುರಿದ ಕಾಫಿಯ ರೀತಿ ಇದಕ್ಕೆ ತೀರ ವಿರುದ್ಧ.

ಹುರಿದೊಡನೆ ಬೀಜದೊಳಗೆ ಇಂಗಾಲದ ಡೈ ಆಕ್ಸೈಡ್ ತುಂಬಿರುತ್ತದೆ. ಮೊದಲ ಎರಡು ಮೂರು ದಿನ ಬಳಸಿದರೆ ಬರಿಯ ನೊರೆ ಉಕ್ಕಿ ನೀರು ಸಮನಾಗಿ ಇಳಿಯುವುದಿಲ್ಲ. ಒಂದು ವಾರ ಕಳೆದ ಮೇಲೆ ಬೀಜ ಹದಕ್ಕೆ ಬರುತ್ತದೆ. ಅಲ್ಲಿಂದ ಐದಾರು ವಾರದವರೆಗೆ ಅದರ ಒಳ್ಳೆಯ ಕಾಲ. ಪೊಟ್ಟಣ ಒಡೆದ ಮೇಲೆ ಎರಡು ಮೂರು ವಾರದೊಳಗೆ ಮುಗಿಸತಕ್ಕದ್ದು. ಆದ್ದರಿಂದ ಪೊಟ್ಟಣದ ಮೇಲೆ ನೋಡಬೇಕಾದ ಮೊದಲ ಸಂಗತಿ ಹುರಿದ ದಿನಾಂಕ. ಪ್ಯಾಕ್ ಮಾಡಿದ ದಿನಾಂಕವೇ ಹುರಿದ ದಿನಾಂಕವಾಗಿರಬೇಕೆಂದಿಲ್ಲ. ಎರಡೂ ಇಲ್ಲದೆ "ಇಷ್ಟು ತಿಂಗಳೊಳಗೆ ಬಳಸಿ" ಎಂದಷ್ಟೇ ಬರೆದಿದ್ದರೆ ಆ ಪೊಟ್ಟಣವನ್ನು ಬಿಟ್ಟುಬಿಡುವುದು ಒಳ್ಳೆಯದು. ಪೊಟ್ಟಣಕ್ಕೆ ಒಳಗಿನ ಅನಿಲ ಹೊರಹೋಗಿ, ಹೊರಗಿನ ಗಾಳಿ ಒಳಬಾರದಂಥ ಸಣ್ಣ ಕವಾಟವಿದ್ದರೆ ಉತ್ತಮ.

ಲೆಕ್ಕ ಹೀಗಿದೆ. 18 ಗ್ರಾಂ ಪುಡಿಯಿಂದ ಇಳಿದ ಕಾಫಿಗೆ ಹಾಲು ಬೆರೆಸಿದರೆ ಎರಡು ಸಣ್ಣ ಲೋಟವಾಗುತ್ತದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮಾಡಿದರೆ ದಿನಕ್ಕೆ 36 ಗ್ರಾಂ. 250 ಗ್ರಾಂ ಪೊಟ್ಟಣ ಒಂದು ವಾರಕ್ಕೆ ಸರಿಹೋಗುತ್ತದೆ. ಎರಡು ಪೊಟ್ಟಣ ತರಿಸಿಕೊಂಡು, ಒಂದನ್ನು ಒಡೆಯದೆ ಇಡಬಹುದು. ಅದಕ್ಕಿಂತ ಹೆಚ್ಚು ಬೇಡ. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮ ಊರುಗಳ ಉಷ್ಣತೆ 40 ಡಿಗ್ರಿ ದಾಟುತ್ತದೆ. ಬಿಸಿಲಿಗೆ ಕಾದ ಅಡುಗೆಮನೆಯಲ್ಲಿ ಬೀಜ ಮಲೆನಾಡಿಗಿಂತ ಬೇಗ ಕೆಡುತ್ತದೆ. ನಾನೇ ಒಂದು ಏಪ್ರಿಲಿನಲ್ಲಿ ಕಿಲೋಗೆ ಕೆಲವು ರೂಪಾಯಿ ಉಳಿಯಿತೆಂಬ ಆಸೆಗೆ ಎರಡು ಕಿಲೋ ತಂದಿಟ್ಟೆ. ಜೂನ್ ಹೊತ್ತಿಗೆ ಹಳೆಯ ಶೇಂಗಾದಂತೆ ಕಮಟು ಹಿಡಿದು, ಮುಕ್ಕಾಲು ಪಾಲು ತಿಪ್ಪೆಗೆ ಹೋಯಿತು. ಮನೆಯವರು ಅದನ್ನು ಈಗಲೂ ನೆನಪಿಸುತ್ತಾರೆ.

ಬೀಜವನ್ನು ಗಾಳಿಯಾಡದ ಡಬ್ಬಿಯಲ್ಲಿ, ಒಲೆಯಿಂದಲೂ ಬಿಸಿಲಿನಿಂದಲೂ ದೂರವಾದ ತಂಪು ಕತ್ತಲೆಯ ಜಾಗದಲ್ಲಿ ಇಡಬೇಕು. ಫ್ರಿಜ್ಜಿನಿಂದ ದಿನವೂ ಹೊರಗೆ ತೆಗೆದು ಒಳಗಿಡುವುದು ತರವಲ್ಲ. ತಣ್ಣನೆಯ ಬೀಜದ ಮೇಲೆ ಹೊರಗಿನ ತೇವ ಕೂರುತ್ತದೆ.

ಯಾವ ಬೀಜ?

ಅರೇಬಿಕಾ, ರೋಬಸ್ಟಾ ಎಂಬ ಎರಡೂ ಜಾತಿಗಳು ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳಲ್ಲಿ ಬೆಳೆಯುತ್ತವೆ. ದೇಶದ ಕಾಫಿಯಲ್ಲಿ ಶೇಕಡಾ 70ರಷ್ಟು ನಮ್ಮ ರಾಜ್ಯದ್ದೇ. ಅರೇಬಿಕಾದಲ್ಲಿ ಸುವಾಸನೆ ಮತ್ತು ನವಿರಾದ ಹುಳಿ ಹೆಚ್ಚು. ರೋಬಸ್ಟಾದಲ್ಲಿ ಕೆಫೀನು ಹೆಚ್ಚುಕಡಿಮೆ ಎರಡು ಪಟ್ಟು. ಗಟ್ಟಿತನವನ್ನೂ ಎಸ್ಪ್ರೆಸೊ ಮೇಲಿನ ದಟ್ಟ ನೊರೆಯನ್ನೂ ಕೊಡುವುದು ಅದು. ರೋಬಸ್ಟಾ ಎಂದರೆ ಕೀಳು ಎಂಬ ಭಾವನೆ ಸರಿಯಲ್ಲ. ನಮ್ಮ ಕಾಫಿಯನ್ನು ಹೆಚ್ಚಾಗಿ ಕೊಳ್ಳುವ ದೇಶ ಎಸ್ಪ್ರೆಸೊದ ತವರಾದ ಇಟಲಿ. ಅಲ್ಲಿನವರು ನಮ್ಮ ರೋಬಸ್ಟಾವನ್ನು ಬೇಕೆಂದೇ ಬೆರೆಸುತ್ತಾರೆ.

ಹಣ್ಣಿನ ಸಿಪ್ಪೆ ಬಿಡಿಸಿ, ಲೋಳೆ ತೊಳೆದು ಒಣಗಿಸಿದ್ದು ಪಾರ್ಚ್‌ಮೆಂಟ್. ಹಣ್ಣನ್ನು ಇಡಿಯಾಗಿ ಕಣದಲ್ಲಿ ಒಣಗಿಸಿದ್ದು ಚೆರಿ. ಅರೇಬಿಕಾ ಪಾರ್ಚ್‌ಮೆಂಟನ್ನು ವ್ಯಾಪಾರದಲ್ಲಿ ಪ್ಲಾಂಟೇಶನ್ ಎಂದು ಕರೆಯುವರು. ಹಾಲು ಹಾಕಿ ಕುಡಿಯುವವರು ಪ್ಲಾಂಟೇಶನ್ ಅರೇಬಿಕಾ 70ರಿಂದ 80 ಭಾಗ, ರೋಬಸ್ಟಾ ಪಾರ್ಚ್‌ಮೆಂಟ್ 20ರಿಂದ 30 ಭಾಗ ಇರುವ ಮಿಶ್ರಣದಿಂದ ಆರಂಭಿಸಬಹುದು. ಇದು ನನ್ನ ನಾಲಿಗೆಯ ಅಭಿಪ್ರಾಯ, ತಮ್ಮದು ಬೇರೆ ಇರಬಹುದು. ಹಾಲಿಲ್ಲದೆ ಕುಡಿಯುವವರಿಗೆ ಅರೇಬಿಕಾ ಒಂದೇ ಸಾಕು. ಎಎ, ಎ, ಬಿ ಎಂಬ ಅಕ್ಷರಗಳು ಮುಖ್ಯವಾಗಿ ಬೀಜದ ಗಾತ್ರವನ್ನು ಹೇಳುತ್ತವೆ, ರುಚಿಯನ್ನಲ್ಲ. ಪೀಬೆರಿ ಎಂಬುದು ಹಣ್ಣಿನಲ್ಲಿ ಎರಡರ ಬದಲು ಒಂದೇ ದುಂಡು ಬೀಜ ಕಟ್ಟಿದ್ದು. ಅದಕ್ಕೆ ಕೇಳುವ ಹೆಚ್ಚಿನ ಬೆಲೆ ಯಾವಾಗಲೂ ರುಚಿಯಲ್ಲಿ ಮರಳಿ ಬರುವುದಿಲ್ಲ.

ಒಂದು ಮಾತು ಇಲ್ಲಿ ನೆನಪಾಗುತ್ತದೆ. ಹಿಂದೆ ಕಾಫಿ ಬೆಳೆಗಾರರು ಫಸಲನ್ನೆಲ್ಲ ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಬೇಕಿತ್ತು. ಯಾರ ತೋಟದ ಬೀಜ ಯಾರ ಲೋಟಕ್ಕೆ ಹೋಯಿತೆಂಬುದೇ ತಿಳಿಯುತ್ತಿರಲಿಲ್ಲ. 1990ರ ದಶಕದಲ್ಲಿ ಆ ಕಟ್ಟು ಹಂತಹಂತವಾಗಿ ಸಡಿಲಾಗಿ, 1996ರಲ್ಲಿ ಎಲ್ಲ ಬೆಳೆಗಾರರಿಗೂ ಮುಕ್ತ ಮಾರಾಟದ ಅವಕಾಶ ಸಿಕ್ಕಿತು. ಈಗ ತೋಟದ ಹೆಸರು, ಸಂಸ್ಕರಣೆಯ ರೀತಿ, ಹುರಿದ ದಿನ ಇವೆಲ್ಲವನ್ನೂ ಬರೆದು ಬೆಳೆಗಾರರೇ ನೇರವಾಗಿ ಮಾರುತ್ತಿದ್ದಾರೆ. ನಮ್ಮ ಭತ್ತ ಗಿರಣಿಗೆ ಹೋದ ಮೇಲೆ ಹೆಸರು ಕಳೆದುಕೊಳ್ಳುವುದನ್ನು ಕಂಡಿರುವ ತಮಗೆ ಇದರ ಬೆಲೆ ಬೇರೆ ಹೇಳಬೇಕಾಗಿಲ್ಲ.

ಇಡಿ ಬೀಜವೇ ಏಕೆ?

ಪುಡಿ ಮಾಡಿದ ಕಾಫಿಯ ಸುವಾಸನೆ ಕೆಲವೇ ಗಂಟೆಗಳಲ್ಲಿ ಇಳಿಯತೊಡಗುತ್ತದೆ. ಇದು ಮೊದಲ ಕಾರಣ. ಎರಡನೆಯದು ಚಿಕೋರಿ. ಕಾಫಿ ಚಿಕೋರಿ ಮಿಶ್ರಣದಲ್ಲಿ ಕಾಫಿಯು ಕನಿಷ್ಠ ಶೇಕಡಾ 51 ಇರಬೇಕೆಂದೂ, ಪ್ರಮಾಣವನ್ನು ಪೊಟ್ಟಣದ ಮೇಲೆ ಬರೆಯಬೇಕೆಂದೂ ಕಾನೂನು ಇದೆ. ಚಿಕೋರಿ ಒಂದು ಗಿಡದ ಬೇರು. ಪುಡಿಯಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ, ಬೀಜದ ರೂಪದಲ್ಲಿ ಸೇರಿಸಲೂ ಬಾರದು. ಪುಡಿಯನ್ನೇ ಕೊಂಡವರು ಒಂದು ಲೋಟ ತಣ್ಣೀರಿನ ಮೇಲೆ ಚಿಟಿಕೆಯಷ್ಟು ಉದುರಿಸಿ ನೋಡಬಹುದು. ಕಾಫಿ ತೇಲುತ್ತದೆ, ಚಿಕೋರಿ ಕಂದು ಗೆರೆ ಬಿಡುತ್ತಾ ಮುಳುಗುತ್ತದೆ. ಫಿಲ್ಟರ್ ಕಾಫಿಗೆ ಚಿಕೋರಿ ಹಲವರಿಗೆ ಇಷ್ಟ, ಅದರಲ್ಲಿ ತಪ್ಪಿಲ್ಲ. ಎಸ್ಪ್ರೆಸೊ ಯಂತ್ರದಲ್ಲಿ ಮಾತ್ರ ಅದು ಅಂಟಾಗಿ ಜರಡಿಯನ್ನು ಕಟ್ಟಿಸುತ್ತದೆ.

ಪುಡಿ ಮಾಡಲು ಮಿಕ್ಸಿ ಆಗದು. ಮಿಕ್ಸಿಯ ಅಲಗು ಬೀಜವನ್ನು ಕೊಚ್ಚುತ್ತದೆ. ಒಂದಷ್ಟು ಧೂಳು, ಒಂದಷ್ಟು ನುಚ್ಚು ಆಗುತ್ತದೆ. ಧೂಳಿನಿಂದ ಕಹಿ, ನುಚ್ಚಿನಿಂದ ಹುಳಿ ಒಂದೇ ಲೋಟಕ್ಕೆ ಬರುತ್ತವೆ. ಜೋಳ ಬೀಸುವ ಕಲ್ಲಿನಂತೆ ಎರಡು ಹಲ್ಲುಚಕ್ರಗಳ ನಡುವೆ ಬೀಸುವ ಗ್ರೈಂಡರ್ ಬೇಕು. ಕೈಯಿಂದ ತಿರುಗಿಸುವುದಾದರೂ ಆದೀತು. ಹಣ ಮಿತವಾಗಿದ್ದರೆ ಯಂತ್ರದಲ್ಲಿ ಉಳಿಸಿ ಗ್ರೈಂಡರಿಗೆ ಹಾಕುವುದೇ ಜಾಣತನ. ಊರಿನ ಗಿರಣಿಗೆ ಕೊಟ್ಟು ಬೀಸಿಸಿದವರನ್ನೂ ಕಂಡಿದ್ದೇನೆ. ಹಿಂದಿನ ಸರದಿ ಒಣಮೆಣಸಿನಕಾಯಿಯದಾಗಿತ್ತು!

ಪ್ರಯೋಗ ಮಾಡುವ ಕ್ರಮ

ಹೊಸ ಬೀಜ ಬಂದಾಗ ಒಂದು ಬಾರಿಗೆ ಒಂದನ್ನೇ ಬದಲಿಸಬೇಕು. ತಳಿಯನ್ನೂ ಗೊಬ್ಬರವನ್ನೂ ಒಟ್ಟಿಗೆ ಬದಲಿಸಿದ ತಾಕಿನಲ್ಲಿ ಇಳುವರಿ ಯಾವುದರಿಂದ ಏರಿತೆಂದು ಯಾರು ಹೇಳಬಲ್ಲರು? 18 ಗ್ರಾಂ ತೂಗಿ ಹಾಕುವುದನ್ನೂ, 36 ಗ್ರಾಂ ಇಳಿದೊಡನೆ ನಿಲ್ಲಿಸುವುದನ್ನೂ ಹಾಗೆಯೇ ಇಟ್ಟುಕೊಂಡು, ಪುಡಿಯ ನಯವನ್ನು ಮಾತ್ರ ಬದಲಿಸಿರಿ. 15 ಸೆಕೆಂಡಿಗೇ ಸುರಿದು ಹುಳಿಯಾದರೆ ಇನ್ನೂ ನುಣ್ಣಗೆ ಬೀಸಬೇಕು. 40 ಸೆಕೆಂಡು ತೊಟ್ಟಿಕ್ಕಿ ಕಹಿಯಾದರೆ ಸ್ವಲ್ಪ ತರಿ ಮಾಡಬೇಕು. ಮೊದಲ ಪೊಟ್ಟಣದಲ್ಲಿ ಮೂರು ನಾಲ್ಕು ಬಾರಿ ಕೆಟ್ಟರೆ ಬೇಸರ ಬೇಡ. ಸಮಯ ಸರಿಯಾಗಿದ್ದೂ ರುಚಿ ಸಪ್ಪೆಯಾಗಿದ್ದರೆ ಆಗ ಬೀಜವನ್ನು ದೂರಬಹುದು. ಕೆಲವು ಯಂತ್ರಗಳಿಗೆ ತಳದಲ್ಲಿ ಒಂದೇ ಸಣ್ಣ ರಂಧ್ರವಿರುವ ಎರಡು ಪದರದ ಜರಡಿ ಬಟ್ಟಲು ಬರುತ್ತದೆ. ಅದು ಹಳಸಿದ ಬೀಜದಿಂದಲೂ ನೊರೆ ಎಬ್ಬಿಸುತ್ತದೆ. ಅಂಥ ನೊರೆಯನ್ನು ನಂಬಬೇಡಿರಿ.

ನೀರಿನ ಮಾತನ್ನು ಬಿಡುವಂತಿಲ್ಲ. ನಮ್ಮ ಅನೇಕ ಹಳ್ಳಿಗಳ ಕೊಳವೆಬಾವಿಯ ನೀರು ಗಡುಸು. ಪಾತ್ರೆಯ ತಳದಲ್ಲಿ ಬಿಳಿ ಪಕಳೆ ಕಟ್ಟುವುದನ್ನು ತಾವು ದಿನವೂ ನೋಡುತ್ತೀರಿ. ಅದೇ ಪಕಳೆ ಯಂತ್ರದ ಕೊಳವೆಯೊಳಗೂ ಕಟ್ಟಿ ಯಂತ್ರವನ್ನು ಕೆಡಿಸುತ್ತದೆ, ಕಾಫಿಯನ್ನೂ ಸಪ್ಪೆ ಮಾಡುತ್ತದೆ. ಶುದ್ಧೀಕರಣ ಘಟಕದಿಂದ ತಂದ ಕುಡಿಯುವ ನೀರು ಬಳಸುವುದು ಮೇಲು. ಆದರೆ ಲವಣಾಂಶವೇ ಇಲ್ಲದ ನೀರಿಗೆ ಕಾಫಿಯ ರುಚಿ ಸರಿಯಾಗಿ ಇಳಿಯದು. ಅಂಥ ನೀರಾಗಿದ್ದರೆ ನಾಲ್ಕು ಪಾಲಿಗೆ ಒಂದು ಪಾಲು ಕಾಯಿಸಿ ಸೋಸಿದ ಕುಡಿಯುವ ನಲ್ಲಿ ನೀರನ್ನು ಬೆರೆಸಿ ನೋಡಿರಿ.

ಕೊನೆಗೆ ಉಳಿಯುವ ಚರಟವನ್ನು ಎಸೆಯಬೇಡಿರಿ. ಅದರಲ್ಲಿ ಶೇಕಡಾ 2ರಷ್ಟು ಸಾರಜನಕವಿದೆ. ಹಸಿ ಚರಟವನ್ನು ನೇರವಾಗಿ ಸಸಿಗಳ ಬುಡಕ್ಕೆ ದಪ್ಪಗೆ ಸುರಿದರೆ ಅದು ಹೆಪ್ಪುಗಟ್ಟಿ ನೀರಿಳಿಯದಂತಾಗುತ್ತದೆ. ತಿಪ್ಪೆಗುಂಡಿಯಲ್ಲಿ ಒಣ ಎಲೆ, ಸಗಣಿಯೊಡನೆ ತೆಳುವಾಗಿ ಹರಡಿ ಕೊಳೆಸಿದರೆ ಹಿತ್ತಿಲಿನ ಕರಿಬೇವಿಗೂ ನಿಂಬೆಗೂ ಒಳ್ಳೆಯ ಗೊಬ್ಬರವಾಗುತ್ತದೆ.